ಗೋಡೆಯ ಸಂಬೋಧನೆ: ಬೆಂಗಳೂರಿನ ಬೀದಿಬರಹಗಳನ್ನು ಕುರಿತು ಒಂದು ವಿಚಾರ

೧

ನಗರದ ಗೋಡೆಗಳ ಮೇಲಣ ಬರಹಕ್ಕೂ ಚಿತ್ರಕ್ಕೂ ನಮ್ಮ ಕಲಾವಿಮರ್ಶೆಯಲ್ಲಿ ಇನ್ನೂ ಖಚಿತವಾದ ಸ್ಥಾನ ದೊರೆತಿಲ್ಲ. ದೇವಾಲಯಗಳ ಭಿತ್ತಿಚಿತ್ರಗಳನ್ನು ಕುರಿತು ನಾವು ಗಂಭೀರವಾಗಿ ಚರ್ಚಿಸುತ್ತೇವೆ. ಲೇಪಾಕ್ಷಿಯ ಮೇಲ್ಛಾವಣಿಯ ವರ್ಣವಿನ್ಯಾಸವನ್ನೂ ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಯುದ್ಧಚಿತ್ರಗಳನ್ನೂ ವಿದ್ಯಾರ್ಥಿಗಳಿಗೆ ತೋರಿಸಿ ವಿವರಿಸುತ್ತೇವೆ. ಆದರೆ ಬೀದಿಯ ಒಂದು ಆವರಣಗೋಡೆಯ ಮೇಲೆ ನಿನ್ನೆ ರಾತ್ರಿ ಯಾರೋ ಬರೆದುಹೋದ ಒಂದು ಸಾಲಿನ ಮುಂದೆ ನಮ್ಮ ವಿಮರ್ಶೆಯ ಮಾತು ನಿಂತುಹೋಗುತ್ತದೆ. ಅದನ್ನು ಪೌರರಾಗಿ ಖಂಡಿಸುವುದೊ, ರಸಿಕರಾಗಿ ಮೆಚ್ಚುವುದೊ ಎಂಬ ಜಗ್ಗಾಟದಲ್ಲಿಯೇ ಚರ್ಚೆ ಮುಗಿದುಬಿಡುತ್ತದೆ. ಖಂಡನೆಯೂ ಮೆಚ್ಚುಗೆಯೂ ವಿಮರ್ಶೆಯ ಕೊನೆಯಲ್ಲಿ ಬರಬೇಕಾದವು, ಅವೇ ವಿಮರ್ಶೆಯಲ್ಲ.

ಪ್ರಕೃತ ಲೇಖನದಲ್ಲಿ ಬೆಂಗಳೂರು ನಗರದ ಕೆಲವು ಬೀದಿಬರಹಗಳನ್ನು ಆಧಾರವಾಗಿಟ್ಟುಕೊಂಡು, ಇಂಥ ಕೃತಿಗಳನ್ನು ಅಳೆಯುವುದಕ್ಕೆ ಯಾವ ಅಳತೆಗೋಲು ತಕ್ಕದ್ದೆಂಬುದನ್ನು ವಿಚಾರಮಾಡಲು ಹೊರಟಿದ್ದೇವೆ. ಬರೆದವನಿಗೆ ಅನುಮತಿ ಇದ್ದಿತೆ ಎಂಬುದು ಸಾಮಾನ್ಯವಾಗಿ ಕೇಳುವ ಮೊದಲನೆಯ ಪ್ರಶ್ನೆ. ಬರೆದದ್ದು ಅಂದವಾಗಿದೆಯೆ ಎಂಬುದು ಎರಡನೆಯದು. ಈ ಎರಡೂ ಪ್ರಶ್ನೆಗಳಿಗಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆಯೆಂದೂ, ಈ ಗೋಡೆ ಇಲ್ಲಿ ನಿಂತು ಯಾರನ್ನು ಕರೆದು ಮಾತನಾಡಿಸುತ್ತಿದೆ ಎಂಬುದೇ ಆ ಪ್ರಶ್ನೆಯೆಂದೂ ನಮ್ಮ ಅಭಿಪ್ರಾಯ. ವ್ಯಾಕರಣದ ಮಾತನ್ನು ಎರವಲಾಗಿ ತಂದು ಈ ಗುಣವನ್ನು ಸಂಬೋಧನೆ ಎಂದು ಕರೆಯುತ್ತೇವೆ.

೨

ಮೊದಲು ಹೆಸರಿನ ವಿಚಾರ. ಪಾಶ್ಚಾತ್ಯರು ಬಳಸುವ ‘ಗ್ರಾಫಿಟಿ’ ಎಂಬ ಶಬ್ದ ಇಟಾಲಿಯನ್ ಭಾಷೆಯದು. ಗೀರುವುದು, ಗೀಚುವುದು ಎಂಬ ಅರ್ಥದ ಕ್ರಿಯಾಪದದಿಂದ ಬಂದದ್ದು. ನಮ್ಮ ‘ಗೀಚು’ ಎಂಬ ಮಾತಿನಲ್ಲಿಯೂ ಇದೇ ಒರಟುತನ, ಇದೇ ತಿರಸ್ಕಾರದ ಸೋಂಕು ಇದೆ. ಆದರೆ ಕನ್ನಡದ ‘ಬರೆ’ ಎಂಬ ಧಾತು ಇದಕ್ಕಿಂತ ಉದಾರವಾದುದು. ನಾವು ಕಾಗದ ಬರೆಯುತ್ತೇವೆ, ಪದ್ಯ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಅಕ್ಷರಕ್ಕೂ ಆಕೃತಿಗೂ ನಮ್ಮ ನುಡಿ ಒಂದೇ ಕ್ರಿಯೆಯನ್ನು ಹೇಳುತ್ತದೆ. ಗೋಡೆಯ ಮೇಲಿನ ಘೋಷಣೆ, ಹೆಸರು, ಬಣ್ಣದ ಚಿತ್ರ ಇವೆಲ್ಲವನ್ನೂ ಒಂದೇ ವರ್ಗದಲ್ಲಿಟ್ಟು ನೋಡುವುದಕ್ಕೆ ಈ ಧಾತುವೇ ನಮಗೆ ಅವಕಾಶ ಮಾಡಿಕೊಟ್ಟಿದೆ. ಆದಕಾರಣ ‘ಬೀದಿಬರಹ’ ಎಂಬ ಮಾತನ್ನು ಈ ವಿಶಾಲವಾದ ಅರ್ಥದಲ್ಲಿಯೇ ಇಲ್ಲಿ ಬಳಸಿದ್ದೇವೆ.

ಬೀದಿಬರಹ ಇತರ ಕಲೆಗಳಿಂದ ಬೇರೆಯಾಗುವುದು ಎಲ್ಲಿ? ಕಾವ್ಯದ ವ್ಯಾಪಾರದಲ್ಲಿ ಕವಿ, ಸಹೃದಯ ಎಂಬ ಇಬ್ಬರನ್ನು ನಮ್ಮ ಆಲಂಕಾರಿಕರು ಗುರುತಿಸಿದರು. ಬೀದಿಬರಹದಲ್ಲಿ ಮೂವರು ಇದ್ದಾರೆ: ಬರೆದವನು, ದಾರಿಹೋಕ, ಗೋಡೆಯ ಒಡೆಯ. ಈ ಮೂರನೆಯವನು ಕಾವ್ಯಮೀಮಾಂಸೆಗೆ ಹೊಸಬ. ಅವನು ಸುಣ್ಣ ಹೊಡೆದು ಕೃತಿಯನ್ನು ಒಂದು ಬೆಳಗಿನಲ್ಲಿ ಇಲ್ಲವಾಗಿಸಬಲ್ಲ. ಹಣ ಕೊಟ್ಟು ಬರೆಸಬಲ್ಲ. ದಾರಿಹೋಕನಾದರೂ ಸಹೃದಯನಂತೆ ಸಿದ್ಧನಾಗಿ ಬಂದವನಲ್ಲ. ಬಸ್ಸಿಗೆ ಕಾಯುತ್ತಲೊ, ಕೆಲಸಕ್ಕೆ ಓಡುತ್ತಲೊ ಇರುವ ಅವನನ್ನು ಗೋಡೆಯೇ ತಡೆದು ನಿಲ್ಲಿಸಬೇಕು.

೩

ಇದು ಆಧುನಿಕರ ಹೊಸ ಹವ್ಯಾಸವೆಂದು ಭಾವಿಸುವುದಕ್ಕೆ ಕಾರಣವಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಯಾತ್ರಿಕರು ಕೆತ್ತಿದ ಕಿರುಬರಹಗಳು ಅನೇಕವಿವೆ. ದಾನವನ್ನಾಗಲಿ ವಿಜಯವನ್ನಾಗಲಿ ಹೇಳದೆ ಬರಿಯ ಒಂದು ಹೆಸರನ್ನು ಮಾತ್ರ ಹೇಳುವಂಥವು ಅವುಗಳಲ್ಲಿ ಉಂಟು. ‘ಶ್ರೀ ಕವಿರತ್ನ’ ಎಂಬ ಬರಹವೂ ಈ ಬೆಟ್ಟದಲ್ಲಿದೆ. ವಿದ್ವಾಂಸರು ಅದನ್ನು ರನ್ನನದೆಂದು ಗುರುತಿಸಿದ್ದಾರೆ. ನಮ್ಮ ರತ್ನತ್ರಯರಲ್ಲಿ ಒಬ್ಬನಾದ ಮಹಾಕವಿ ಪುಣ್ಯಕ್ಷೇತ್ರವೊಂದರ ಬಂಡೆಯ ಮೇಲೆ ತನ್ನ ಹೆಸರನ್ನು ಮೂಡಿಸಿ ಹೋದನೆಂಬುದು, ಹೆಸರು ಗೀಚುವ ಚಪಲವನ್ನು ಕೇವಲ ಪುಂಡರ ಲಕ್ಷಣವೆಂದು ತಿಳಿದಿರುವವರು ಯೋಚಿಸಬೇಕಾದ ಸಂಗತಿ. ಅದನ್ನು ಇಂದು ನಾವು ಶಾಸನವೆಂದು ಕರೆದು ಸಂಪುಟದಲ್ಲಿ ಅಚ್ಚುಮಾಡಿದ್ದೇವೆ.

ಸಿಂಹಳದ ಸಿಗಿರಿಯದಲ್ಲಿ ಕನ್ನಡಿಗೋಡೆಯೆಂದು ಹೆಸರಾದ ನುಣುಪುಗೋಡೆಯ ಮೇಲೆ, ೮ರಿಂದ ೧೦ನೆಯ ಶತಮಾನದವರೆಗೆ ಬಂದುಹೋದ ನೋಟಕರು ಪದ್ಯಗಳನ್ನು ಗೀಚಿದ್ದಾರೆ. ಪರಣವಿತಾನರು ೧೯೫೬ರಲ್ಲಿ ಅಂಥ ೬೮೫ ಪದ್ಯಗಳನ್ನು ಓದಿ ಪ್ರಕಟಿಸಿದರು. ಮೇಲಿನ ಬಂಡೆಯಲ್ಲಿ ಚಿತ್ರಿತರಾದ ಸ್ತ್ರೀಯರನ್ನು ಉದ್ದೇಶಿಸಿ ಆ ಪದ್ಯಗಳಲ್ಲಿ ಹಲವು ಹುಟ್ಟಿದವು. ಚಿತ್ರ ಕರೆಯಿತು, ನೋಟಕ ಓಗೊಟ್ಟ; ಅವನ ಓಗೊಡುವಿಕೆಯೂ ಗೋಡೆಯ ಮೇಲೆಯೇ ನಿಂತಿತು. ಸಂಬೋಧನೆಯೆಂದು ನಾವು ಹೇಳುವುದರ ಸ್ವಚ್ಛವಾದ ಮಾದರಿ ಇದು.

ಅಷ್ಟು ದೂರ ಹೋಗಬೇಕಾದುದೂ ಇಲ್ಲ. ನಮ್ಮ ಬೀದಿಗಳ ಅತ್ಯಂತ ಹಳೆಯ ಬರಹ ಮನೆಯ ಮುಂದಿನ ರಂಗೋಲಿ. ಅದು ಮನೆಯ ಹೊಸಿಲಿನಿಂದ ಇಳಿದು ಸಾರ್ವಜನಿಕರ ನೆಲಕ್ಕೆ ಕಾಲಿಡುತ್ತದೆ. ಪುರಸಭೆಯ ಅಪ್ಪಣೆಯನ್ನು ಅದಕ್ಕಾಗಿ ಯಾರೂ ಕೇಳುವುದಿಲ್ಲ. ಬರುವ ಅತಿಥಿಯನ್ನೂ ದೇವತೆಯನ್ನೂ ಅದು ಕರೆಯುತ್ತದೆ. ಮಧ್ಯಾಹ್ನದೊಳಗೆ ಕಾಲ್ತುಳಿತಕ್ಕೆ ಸಿಕ್ಕಿ ಅಳಿಯುತ್ತದೆ. ಅಳಿಯಿತೆಂದು ಬರೆದ ಹೆಣ್ಣುಮಗಳು ದುಃಖಿಸುವುದಿಲ್ಲ, ಮರುದಿನ ನೀರು ಚಿಮುಕಿಸಿ ಮತ್ತೆ ಬರೆಯುತ್ತಾಳೆ. ನಶ್ವರತೆ ಇಲ್ಲಿ ಕಲೆಯ ಕೊರತೆಯಾಗಿಲ್ಲ. ಅದರ ನಿಯಮವೇ ಆಗಿದೆ.

೪

ಇನ್ನು ಅನುಮತಿಯ ಪ್ರಶ್ನೆಗೆ ಬರೋಣ. ತೆರೆದ ಸ್ಥಳಗಳ ವಿರೂಪಣೆಯನ್ನು ತಡೆಗಟ್ಟುವ ಅಧಿನಿಯಮವೊಂದು ಕರ್ನಾಟಕದಲ್ಲಿ ೧೯೮೧ರಲ್ಲಿ ಆಯಿತು. ವಿರೂಪಣೆ ಎಂಬ ಮಾತನ್ನು ಗಮನಿಸಬೇಕು. ಅದು ಸೌಂದರ್ಯಶಾಸ್ತ್ರಕ್ಕೆ ಸೇರಿದ್ದು. ಬರಿಯ ಗೋಡೆಗೆ ಒಂದು ಸಹಜವಾದ ರೂಪವಿದೆ, ಬರಹ ಅದನ್ನು ಕೆಡಿಸುತ್ತದೆ ಎಂಬ ಭಾವನೆ ಅದರ ಹಿಂದಿದೆ. ಆದರೆ ನಗರದಲ್ಲಿ ಬರಿಯ ಗೋಡೆ ಎಂಬುದು ಎಲ್ಲಿದೆ? ‘ಇಲ್ಲಿ ಜಾಹೀರಾತು ಅಂಟಿಸಬಾರದು’ ಎಂಬ ಬರಹವೇ ಎಷ್ಟೋ ಗೋಡೆಗಳ ಮೊದಲನೆಯ ಬರಹ. ಬರೆಯಕೂಡದೆಂದು ಬರೆಯುವ ಹಕ್ಕು ಒಡೆಯನದು. ಗೋಡೆಯ ಬಳಿ ಮೂತ್ರ ಮಾಡದಂತೆ ತಡೆಯಲು ಸಾಲಾಗಿ ದೇವರ ಚಿತ್ರಗಳನ್ನು ಕೂರಿಸುವ ಪದ್ಧತಿಯೂ ಉಂಟು. ಅಲ್ಲಿ ದೇವರಿಗೆ ಕಾವಲುಗಾರನ ಕೆಲಸ ಬಿದ್ದಿದೆ. ಆದ್ದರಿಂದ ಗೋಡೆ ಮಾತನಾಡುವುದೊ ಬೇಡವೊ ಎಂಬ ವಿವಾದ ನಿಜವಾದುದಲ್ಲ. ಯಾರ ದನಿಯಲ್ಲಿ ಮಾತನಾಡಬೇಕು ಎಂಬುದೇ ವಿವಾದ.

ನ್ಯೂಯಾರ್ಕ್ ನಗರದ ಉದಾಹರಣೆ ಇಲ್ಲಿ ಬೋಧಪ್ರದವಾಗಿದೆ. ಕಾಗದಪತ್ರಗಳನ್ನು ಮುಟ್ಟಿಸುವ ಕೆಲಸದಲ್ಲಿದ್ದ ಹುಡುಗನೊಬ್ಬ ತಾನು ಹೋದೆಡೆಯಲ್ಲೆಲ್ಲ ತನ್ನ ಅಡ್ಡಹೆಸರನ್ನೂ ತಾನಿದ್ದ ಬೀದಿಯ ಸಂಖ್ಯೆಯನ್ನೂ ಸೇರಿಸಿ ‘ಟಾಕಿ ೧೮೩’ ಎಂದು ಬರೆದ. ೧೯೭೧ರಲ್ಲಿ ಅಲ್ಲಿಯ ಪ್ರಮುಖ ದಿನಪತ್ರಿಕೆ ಅವನನ್ನು ಕುರಿತು ವರದಿ ಪ್ರಕಟಿಸಿದ ಮೇಲೆ ಅನುಕರಿಸುವವರು ಹೆಚ್ಚಿದರು. ನೆಲದಡಿಯ ರೈಲುಗಾಡಿಗಳ ಮೈಯೆಲ್ಲ ಹೆಸರುಗಳಾದುವು. ನಗರದ ಆಡಳಿತ ವರ್ಷಗಟ್ಟಲೆ ಹೋರಾಡಿ, ೧೯೮೯ರಲ್ಲಿ ರೈಲುಗಳು ಬರಹಮುಕ್ತವಾದುವೆಂದು ಸಾರಿತು. ಅಷ್ಟರಲ್ಲಿ ಅದೇ ಶೈಲಿಯ ಬರಹಗಳು ಚಿತ್ರಶಾಲೆಗಳಲ್ಲಿ ಬೆಲೆಗೆ ಮಾರಾಟವಾಗುತ್ತಿದ್ದುವು. ಒಂದೇ ಬಗೆಯ ಬರಹ ರೈಲಿನ ಮೇಲೆ ಅಪರಾಧವೂ ಚಿತ್ರಪಟದ ಮೇಲೆ ಕಲೆಯೂ ಆಗುವುದಾದರೆ, ಅನುಮತಿ ಕೃತಿಯ ಗುಣವನ್ನು ನಿರ್ಣಯಿಸುವ ಪ್ರಮಾಣವಾಗಲಾರದೆಂಬುದು ಸ್ಪಷ್ಟ. ಅನುಮತಿ ಇಲ್ಲದಿರುವುದೂ ಪ್ರಮಾಣವಾಗಲಾರದು. ಬಾಡಿಗೆ ಕೊಠಡಿಯ ಚೀಟಿ, ಪಕ್ಷದ ಮುಖಂಡನ ಹುಟ್ಟುಹಬ್ಬದ ಫಲಕ ಇವು ಅನುಮತಿ ಪಡೆಯದೆ ಬಂದುವೆಂದಮಾತ್ರಕ್ಕೆ ಅವುಗಳಿಗೆ ಬಂಡಾಯದ ಗೌರವವನ್ನು ಸಲ್ಲಿಸಲಾಗುವುದಿಲ್ಲ.

೫

ಅಂದದ ಪ್ರಶ್ನೆಯನ್ನು ವಿಚಾರಮಾಡಲು ಬೆಂಗಳೂರಿನಲ್ಲಿಯೇ ಒಂದು ದೊಡ್ಡ ಪ್ರಯೋಗ ನಡೆದಿದೆ. ೨೦೦೯ರಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರಪಾಲಿಕೆ ನಗರದ ಮುಖ್ಯರಸ್ತೆಗಳ ಗೋಡೆಗಳಿಗೆ ಚಿತ್ರ ಬರೆಸಲು ತೊಡಗಿತು. ಸಿನಿಮಾ ಭಿತ್ತಿಪತ್ರಗಳೂ ಜಾಹೀರಾತುಗಳೂ ಕವಿದುಕೊಂಡು ಕೊಳಕಾಗಿದ್ದ ಗೋಡೆಗಳನ್ನು ಶುಚಿಗೊಳಿಸುವುದು ಅದರ ಉದ್ದೇಶ. ಹಂಪೆಯ ಕಲ್ಲಿನ ರಥ, ಜೋಗದ ಜಲಪಾತ, ಹುಲಿ, ಆನೆ, ಯಕ್ಷಗಾನದ ವೇಷ, ದಸರೆಯ ಮೆರವಣಿಗೆ ಮೊದಲಾದುವು ಹಲವು ಬೀದಿಗಳಲ್ಲಿ ಕಾಣಿಸಿಕೊಂಡುವು. ಇವನ್ನು ಬರೆದವರಲ್ಲಿ ಬಹುಮಂದಿ ಹಿಂದೆ ಸಿನಿಮಾ ಬ್ಯಾನರುಗಳನ್ನು ಕೈಯಿಂದ ಬರೆಯುತ್ತಿದ್ದ ಕಲಾವಿದರು. ಫ್ಲೆಕ್ಸ್ ಮುದ್ರಣ ಬಂದು ಅವರ ವೃತ್ತಿಯನ್ನು ಕಸಿದುಕೊಂಡಿತ್ತು. ನಾಯಕನಟನ ಮುಖವನ್ನು ಆಳುದ್ದಕ್ಕೆ ಬರೆದು ಪಳಗಿದ ಕೈಗಳಿಗೆ ಪಾಲಿಕೆ ಮತ್ತೆ ಕುಂಚವನ್ನು ಕೊಟ್ಟಿತು. ಈ ಕಾರ್ಯದ ಮಾನವೀಯವಾದ ಬೆಲೆಯನ್ನು ಯಾರೂ ಅಲ್ಲಗಳೆಯಲಾಗದು. ಅವರ ಕೈಚಳಕವೂ ಕಡಮೆಯದಲ್ಲ. ದೂರದಿಂದ ನೋಡಿದಾಗ ಮೈದುಂಬುವಂತೆ ಬಣ್ಣ ಹಚ್ಚುವ ಬ್ಯಾನರಿನ ವಿದ್ಯೆ, ಓಡುವ ವಾಹನದಿಂದ ನೋಡುವ ಗೋಡೆಗೆ ಚೆನ್ನಾಗಿಯೇ ಹೊಂದುತ್ತದೆ.

ಹೀಗಿದ್ದರೂ ಈ ಗೋಡೆಗಳ ಮುಂದೆ ಯಾರೂ ನಿಲ್ಲುವುದಿಲ್ಲವೇಕೆ? ಕುಂಚದ ದೋಷ ಇದಕ್ಕೆ ಕಾರಣವಲ್ಲವೆಂದು ನಮಗೆ ತೋರುತ್ತದೆ. ಆ ಗೋಡೆ ದಾರಿಹೋಕನನ್ನು ಕರೆಯುವುದೇ ಇಲ್ಲ. ಹಂಪೆಯ ರಥ ಒಂದು ಕಚೇರಿಯ ಆವರಣದ ಮೇಲಿದ್ದರೂ ಒಂದೇ, ಆಸ್ಪತ್ರೆಯ ಆವರಣದ ಮೇಲಿದ್ದರೂ ಒಂದೇ. ಈ ಬೀದಿಯಲ್ಲಿ ಯಾರು ನಡೆಯುತ್ತಾರೆ, ಇಲ್ಲಿ ಹಿಂದೆ ಯಾವ ಕೆರೆ ಇತ್ತು, ಎದುರಿಗೆ ಯಾವ ಸಂತೆ ಕೂಡುತ್ತದೆ ಎಂಬುದನ್ನು ಆ ಚಿತ್ರ ಅರಿಯದು. ಅದರ ಕಣ್ಣು ಎಲ್ಲಿಂದಲೋ ಬಂದು ಹೋಗುವ ಪ್ರವಾಸಿಯ ಮೇಲೆ ನೆಟ್ಟಿದೆ. ಬೆಂಗಳೂರಿನ ನಿವಾಸಿಗೆ ಅದು ಕರ್ನಾಟಕವನ್ನು ಪರಿಚಯಮಾಡಿಕೊಡಲು ಹೊರಡುತ್ತದೆ! ಅಷ್ಟೇ ಅಲ್ಲದೆ, ಆ ಚಿತ್ರದ ಒಂದು ಕೆಲಸ ಗೋಡೆಯನ್ನು ತುಂಬುವುದು. ಇನ್ನೊಬ್ಬರು ಏನನ್ನೂ ಬರೆಯದಂತೆ, ಅಂಟಿಸದಂತೆ ಜಾಗವನ್ನು ಮುಚ್ಚಿಡುವುದು. ಚಿತ್ರವೇ ಅಲ್ಲಿ ಕಾವಲಿಗೆ ನಿಂತಿದೆ. ಅದರ ಅಂದ ನಿಜವಾದುದು. ಆದರೆ ಆ ಅಂದದ ಹಿಂದೆ ‘ಅಂಟಿಸಬಾರದು’ ಎಂಬ ಹಳೆಯ ಅಪ್ಪಣೆಯೇ ಅಡಗಿದೆ.

೬

ಇಲ್ಲಿ ನಮ್ಮ ಆಲಂಕಾರಿಕರ ನೆರವನ್ನು ಪಡೆಯಬಹುದು. ೧೧ನೆಯ ಶತಮಾನದಲ್ಲಿದ್ದ ಕಾಶ್ಮೀರದ ಕ್ಷೇಮೇಂದ್ರ ‘ಔಚಿತ್ಯವಿಚಾರಚರ್ಚಾ’ ಎಂಬ ಗ್ರಂಥದಲ್ಲಿ ಔಚಿತ್ಯವನ್ನು ಕಾವ್ಯದ ಜೀವವೆಂದು ಪ್ರತಿಪಾದಿಸಿ, ಅದು ತೋರಬೇಕಾದ ೨೭ ಎಡೆಗಳನ್ನು ಹೆಸರಿಸಿದ್ದಾನೆ. ಪದ, ವಾಕ್ಯ, ಗುಣ, ಅಲಂಕಾರ, ರಸ ಇವುಗಳ ಜೊತೆಗೆ ದೇಶ, ಕಾಲ ಎಂಬ ಎರಡೂ ಆ ಪಟ್ಟಿಯಲ್ಲಿವೆ. ಒಳ್ಳೆಯ ಆಭರಣವೂ ತನ್ನದಲ್ಲದ ಅಂಗದಲ್ಲಿ ಹಾಸ್ಯಾಸ್ಪದವಾಗುತ್ತದೆಂಬುದು ಅವನ ವಾದದ ತಿರುಳು. ಕಾವ್ಯದಲ್ಲಿ ದೇಶೌಚಿತ್ಯವೆಂದರೆ ವರ್ಣಿತವಾದ ದೇಶಕ್ಕೆ ತಕ್ಕ ವರ್ಣನೆ. ಬೀದಿಬರಹದಲ್ಲಿ ಅದು ಇನ್ನೂ ಆಳಕ್ಕೆ ಇಳಿಯುತ್ತದೆ. ಕೃತಿ ನಿಂತಿರುವ ದೇಶವೇ ಕೃತಿಯ ಅರ್ಧಭಾಗವಾಗುತ್ತದೆ.

ಇದರಿಂದ ಒಂದು ಸರಳವಾದ ಪರೀಕ್ಷೆ ದೊರೆಯುತ್ತದೆ. ಒಂದು ಬೀದಿಬರಹವನ್ನು ಮನಸ್ಸಿನಲ್ಲಿಯೇ ಕಿತ್ತು ಬೇರೊಂದು ಬೀದಿಯಲ್ಲಿ ಇಟ್ಟು ನೋಡಬೇಕು. ಏನೂ ನಷ್ಟವಾಗದಿದ್ದರೆ ಅದು ಅಲಂಕರಣ. ಅರ್ಥವೇ ಕುಸಿದುಬಿದ್ದರೆ ಅಲ್ಲಿ ಸಂಬೋಧನೆ ಇದ್ದಿತೆಂದು ತಿಳಿಯಬೇಕು. ೧೯೫೬ರಲ್ಲಿ ಪೂರ್ಣಗೊಂಡ ವಿಧಾನಸೌಧದ ನೆತ್ತಿಯಲ್ಲಿರುವ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಬರಹವನ್ನು ಈ ಪರೀಕ್ಷೆಗೆ ಒಡ್ಡಬಹುದು. ಅದನ್ನು ಒಂದು ಅಂಗಡಿಯ ಮೇಲಿಟ್ಟರೆ ಅರ್ಥಹೀನ. ಅಲ್ಲಿಯೇ ಇರುವುದರಿಂದ, ಮೆಟ್ಟಿಲೇರುವ ಅಧಿಕಾರಿಗೆ ಅದು ಎಚ್ಚರಿಕೆ. ಅರ್ಜಿ ಹಿಡಿದು ಹೊರಗೆ ನಿಂತ ಪ್ರಜೆಗೆ ಕೆಲವೊಮ್ಮೆ ಸಮಾಧಾನ, ಕೆಲವೊಮ್ಮೆ ವ್ಯಂಗ್ಯ. ಒಂದೇ ವಾಕ್ಯ ಓದುಗನ ಸ್ಥಿತಿಗೆ ತಕ್ಕಂತೆ ಬೇರೆ ಬೇರೆ ಧ್ವನಿಯನ್ನು ಕೊಡುತ್ತದೆ. ಸರ್ಕಾರವೇ ಬರೆಸಿದ ಬರಹವೂ ಸಂಬೋಧಿಸಬಲ್ಲುದೆಂಬುದಕ್ಕೆ ಇದು ನಿದರ್ಶನ.

೭

ಇದೇ ಪರೀಕ್ಷೆಯನ್ನು ಇತ್ತೀಚಿನ ಮೂರು ಕೃತಿಗಳಿಗೆ ಅನ್ವಯಿಸಿ ನೋಡೋಣ.

ಮೊದಲನೆಯದು ಗೋಡೆಯಿಂದ ನೆಲಕ್ಕೆ ಇಳಿದ ಬರಹ. ೨೦೧೫ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿಯವರು ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ನೀರು ನಿಂತ ಒಂದು ಗುಂಡಿಯನ್ನು ಕೊಳದಂತೆ ಚಿತ್ರಿಸಿ, ಅದರಲ್ಲಿ ಆಳೆತ್ತರದ ಒಂದು ಕೃತಕ ಮೊಸಳೆಯನ್ನು ತಂದಿಟ್ಟರು. ೨೦೧೯ರಲ್ಲಿ ಚಂದ್ರಯಾನ-೨ ಚಂದ್ರನನ್ನು ಸುತ್ತುತ್ತಿದ್ದ ದಿನಗಳಲ್ಲಿ, ಹೇರೋಹಳ್ಳಿಯ ಹಾಳುಬಿದ್ದ ರಸ್ತೆಯ ಮೇಲೆ ಗಗನಯಾತ್ರಿಯ ಉಡುಪು ತೊಟ್ಟವನೊಬ್ಬನನ್ನು ಮೆಲ್ಲಮೆಲ್ಲನೆ ನಡೆಯಿಸಿ ಚಿತ್ರೀಕರಿಸಿದರು. ಪಕ್ಕದಲ್ಲಿ ಆಟೋರಿಕ್ಷಾ ಹಾದುಹೋದಾಗಲೇ ಅದು ಚಂದ್ರನ ನೆಲವಲ್ಲ, ನಮ್ಮ ನೆಲ ಎಂದು ನೋಡುವವನಿಗೆ ತಿಳಿಯುತ್ತಿತ್ತು. ಎರಡು ಸಂದರ್ಭಗಳಲ್ಲಿಯೂ ಆಡಳಿತದವರು ಬಂದು ರಸ್ತೆಯನ್ನು ದುರಸ್ತಿಮಾಡಿದರು. ಈ ಕೃತಿಗಳಲ್ಲಿ ದೂರಿನ ಮಾತು ಒಂದೂ ಇಲ್ಲ. ಇರುವುದು ಅಪಹ್ನುತಿ: ಇದು ಗುಂಡಿಯಲ್ಲ, ಕೊಳ, ಇದು ರಸ್ತೆಯಲ್ಲ, ಚಂದ್ರಲೋಕ. ಅಲಂಕಾರಶಾಸ್ತ್ರದ ಪಾಠದಲ್ಲಿ ನಾವು ಕಲಿಸುವ ಅಲಂಕಾರವೊಂದು ಬೀದಿಗೆ ಬಂದು ಕೆಲಸಮಾಡಿದ್ದು ಹೀಗೆ. ಮೊಸಳೆಯನ್ನು ವಸ್ತುಸಂಗ್ರಹಾಲಯದಲ್ಲಿಟ್ಟರೆ ಅದು ಒಂದು ಆಟಿಕೆ. ಗುಂಡಿ ಮುಚ್ಚಿದ ದಿನ ಕೃತಿ ಅಳಿಯಿತು. ಅದು ಬೇಡಿದ ಉತ್ತರವೂ ಅದೇ ದಿನ ದೊರೆಯಿತು. ರಂಗೋಲಿಯ ನಿಯಮ ಇಲ್ಲಿಯೂ ನಡೆದಿದೆ.

ಎರಡನೆಯದು ಒಂದೇ ಪದದ ಕೃತಿ. ೨೦೨೨ರ ಮೇ ತಿಂಗಳಿನಲ್ಲಿ ಸುಂಕದಕಟ್ಟೆಯ ಒಂದು ಖಾಸಗಿ ಶಾಲೆಯ ಗೋಡೆ, ಮೆಟ್ಟಿಲು, ಸುತ್ತಲ ಬೀದಿ ಎಲ್ಲೆಲ್ಲಿಯೂ ‘ಸಾರಿ’ ಎಂಬ ಇಂಗ್ಲಿಷ್ ಮಾತು ಕೆಂಪು ಬಣ್ಣದಲ್ಲಿ ಮತ್ತೆ ಮತ್ತೆ ಬರೆದಿರುವುದು ಕಂಡುಬಂದಿತು. ಅಕ್ಷರದಲ್ಲಿ ಸೊಗಸಿಲ್ಲ; ಮಾತಿನಲ್ಲಿ ಹೊಸತಿಲ್ಲ. ಆದರೂ ಊರೆಲ್ಲ ಅದನ್ನು ಕುರಿತು ಮಾತನಾಡಿತು. ಕ್ಷಮೆ ಕೇಳುವ ಮಾತು ಸ್ವಭಾವತಃ ಒಬ್ಬರಿಗೆ ಮಾತ್ರ ಹೇಳುವಂಥದು. ಅದನ್ನು ಬೀದಿಯ ತುಂಬ ಬರೆದಾಗ ಕಾಣದ ಆ ಒಬ್ಬರ ಸ್ಥಾನದಲ್ಲಿ ಪ್ರತಿಯೊಬ್ಬ ದಾರಿಹೋಕನೂ ಒಂದು ಕ್ಷಣ ನಿಲ್ಲಬೇಕಾಗುತ್ತದೆ. ವ್ಯಾಕರಣದಲ್ಲಿ ಸಂಬೋಧನೆ ಕಾರಕಗಳ ಲೆಕ್ಕಕ್ಕೆ ಸೇರುವುದಿಲ್ಲ. ಕ್ರಿಯೆಯೊಡನೆ ಅದಕ್ಕೆ ನೇರವಾದ ಸಂಬಂಧವಿಲ್ಲ, ಕೇಳುವವನನ್ನು ಎಚ್ಚರಿಸುವುದಷ್ಟೇ ಅದರ ಕೆಲಸ. ಈ ಬರಹದಲ್ಲಿ ಏನಾಯಿತೆಂಬುದಿಲ್ಲ, ಯಾರು ಮಾಡಿದರೆಂಬುದಿಲ್ಲ. ಕರೆ ಮಾತ್ರ ಉಳಿದಿದೆ. ಕಲೆಯೆಂದು ಇದನ್ನು ಕರೆಯಲು ಹಲವರು ಒಪ್ಪಲಾರರು. ಮಕ್ಕಳು ಓದುವ ಸ್ಥಳದ ಗೋಡೆಗಳನ್ನು ಕೆಡಿಸಿದ ತಪ್ಪೂ ಇದಕ್ಕೆ ಅಂಟಿಕೊಂಡಿದೆ. ಬೀದಿಬರಹದ ಶಕ್ತಿ ಎಲ್ಲಿದೆಯೆಂಬುದನ್ನು ಮಾತ್ರ ಇದು ನಿರಾಭರಣವಾಗಿ ತೋರಿಸುತ್ತದೆ.

ಮೂರನೆಯದು ಅರವಾಣಿ ಆರ್ಟ್ ಪ್ರಾಜೆಕ್ಟ್ ಎಂಬ ಸಂಸ್ಥೆಯ ಕೃತಿ. ೨೦೧೬ರಲ್ಲಿ ಬೆಂಗಳೂರಿನಲ್ಲಿ ಪೂರ್ಣಿಮಾ ಸುಕುಮಾರ್ ಅವರು ಆರಂಭಿಸಿದ ಈ ಸಂಸ್ಥೆಯಲ್ಲಿ ಲಿಂಗಪರಿವರ್ತಿತ ಮಹಿಳೆಯರೂ ಇತರರೂ ಕೂಡಿ ಸಾರ್ವಜನಿಕ ಗೋಡೆಗಳಿಗೆ ಚಿತ್ರ ಬರೆಯುತ್ತಾರೆ. ಬೆಂಗಳೂರಿನಲ್ಲಿ ಇವರು ಬರೆದ ಚಿತ್ರವೊಂದರ ಹೆಸರೇ ‘ನಾವು ಇದ್ದೇವೆ’. ಈ ಕೃತಿಯ ಅರ್ಥ ಬಣ್ಣ ಒಣಗುವ ಮೊದಲೇ ಆರಂಭವಾಗುತ್ತದೆ. ಯಾವ ಬೀದಿಯಲ್ಲಿ ಜನ ತಮ್ಮನ್ನು ಕಂಡು ಮುಖ ತಿರುಗಿಸುತ್ತಿದ್ದರೊ ಅಂಥ ಬೀದಿಯಲ್ಲಿ, ಹಾಡುಹಗಲಿನಲ್ಲಿ, ಗೋಡೆಗೆ ಒರಗಿಸಿದ ಏಣಿಯ ಮೇಲೆ ನಿಂತು ಅವರು ತಮ್ಮ ಇರವನ್ನು ಬರೆಯುತ್ತಾರೆ. ‘ಇದ್ದೇವೆ’ ಎಂಬುದು ಅತಿ ಸಾಮಾನ್ಯವಾದ ಕ್ರಿಯಾಪದ. ಇರವನ್ನೇ ಅಲ್ಲಗಳೆದ ಬೀದಿಗೆ ಎದುರಾಗಿ ನಿಂತಾಗ ಅದು ವಾದವಾಗುತ್ತದೆ. ಚಿಕ್ಕಬೆಟ್ಟದ ಯಾತ್ರಿಕನೂ ಬಂಡೆಯ ಮೇಲೆ ಹೇಳಿದ್ದು ಇಷ್ಟನ್ನೇ ಅಲ್ಲವೆ? ‘ನಾನು ಇಲ್ಲಿಗೆ ಬಂದಿದ್ದೆ’ ಎಂಬ ಅವನ ಮಾತಿಗೂ ‘ನಾವು ಇದ್ದೇವೆ’ ಎಂಬ ಈ ಮಾತಿಗೂ ನಡುವೆ ಒಂದು ಸಾವಿರ ವರ್ಷ ಕಳೆದಿದೆ. ಕ್ರಿಯೆಯ ಕಾಲ ಭೂತದಿಂದ ವರ್ತಮಾನಕ್ಕೆ ಬಂದಿದೆ.

೮

ನಮ್ಮ ಅಳತೆಗೋಲಿಗೆ ಬರಬಹುದಾದ ಆಕ್ಷೇಪಗಳನ್ನು ಈಗ ನೋಡಬೇಕು. ಒಂದು ಜನಾಂಗವನ್ನು ಬೆದರಿಸುವ ಬರಹವೂ ಸಂಬೋಧಿಸುತ್ತದೆ. ಅದೂ ತಾನು ನಿಂತಿರುವ ಬೀದಿಯನ್ನು ಬಲ್ಲುದು. ಸ್ಥಳ ಬದಲಾಯಿಸಿದರೆ ಅದರ ವಿಷವೂ ಇಳಿಯುತ್ತದೆ. ಹಾಗಾದರೆ ಅದೂ ಉತ್ತಮ ಕೃತಿಯೆ? ಈ ಆಕ್ಷೇಪ ಪ್ರಬಲವಾದುದು. ಇದಕ್ಕೆ ಉತ್ತರವನ್ನು ಶಬ್ದಗಳ ಮೂರು ಬಗೆಯ ಉಪದೇಶವನ್ನು ಹೇಳುವ ನಮ್ಮ ಪ್ರಾಚೀನ ವಿಭಜನೆಯಲ್ಲಿ ಹುಡುಕಬಹುದು. ಒಡೆಯನಂತೆ ಆಜ್ಞಾಪಿಸುವುದು ಪ್ರಭುಸಂಮಿತ. ಗೆಳೆಯನಂತೆ ತಿಳಿಹೇಳುವುದು ಮಿತ್ರಸಂಮಿತ. ಕಾವ್ಯದ ರೀತಿಯಾದ ಕಾಂತಾಸಂಮಿತ ಮನವೊಲಿಸುವಂಥದು. ಬೆದರಿಕೆಯ ಬರಹ ಪ್ರಭುಸಂಮಿತದ ವಿಕಾರ. ಅದು ಕರೆದು, ಬಾಯಿ ಮುಚ್ಚಿಸುತ್ತದೆ. ಸಂಬೋಧನೆ ಅವಶ್ಯವಾದುದು, ಆದರೆ ಅದೊಂದೇ ಸಾಲದು. ಕರೆಸಿಕೊಂಡವನಿಗೆ ಮರುಮಾತಿನ ಅವಕಾಶವನ್ನು ಬಿಟ್ಟಿದೆಯೆ ಎಂಬುದನ್ನೂ ವಿಮರ್ಶಕ ಕೇಳಬೇಕು. ಮೊಸಳೆ ನಗಿಸುತ್ತದೆ, ನಕ್ಕವನು ಮುಂದೇನು ಮಾಡಬೇಕೆಂಬುದನ್ನು ಅವನಿಗೇ ಬಿಡುತ್ತದೆ.

ಸ್ಮಾರಕಗಳ ಮೇಲೆ ಗೀಚಿದ ಹೆಸರುಗಳ ಪ್ರಶ್ನೆಯೂ ಹೀಗೆಯೆ. ಹಂಪೆಯ ಮಂಟಪದ ಕಂಬದ ಮೇಲೆ ಪ್ರವಾಸಿಗನೊಬ್ಬ ಇದ್ದಿಲಿನಿಂದ ಬರೆದ ಹೆಸರಿಗೂ ಚಿಕ್ಕಬೆಟ್ಟದ ಹೆಸರಿಗೂ ವ್ಯತ್ಯಾಸ ಕಾಲದಿಂದ ಮಾತ್ರ ಬಂದುದೆ? ಕಾಲದ ಪಾತ್ರ ಇಲ್ಲವೆನ್ನಲಾಗುವುದಿಲ್ಲ. ಆದರೆ ಯಾತ್ರಿಕನ ಹೆಸರು ಆ ಸ್ಥಳದ ಮಹಿಮೆಯನ್ನು ಒಪ್ಪಿಕೊಂಡು, ಅದರ ಅಡಿಯಲ್ಲಿ ತನ್ನನ್ನು ಸೇರಿಸಿಕೊಂಡಿತು. ಕಂಬದ ಮೇಲಿನ ಹೆಸರು ಶಿಲ್ಪಿ ಆಗಲೇ ಬರೆದಿದ್ದ ಬರಹದ ಮೇಲೆ ಬಿದ್ದಿದೆ. ಅದು ಇನ್ನೊಬ್ಬನ ಮಾತನ್ನು ಅಳಿಸಿ ಆಡಿದ ಮಾತು. ಬರಿಯ ಗೋಡೆಯನ್ನು ಮಾತನಾಡಿಸುವುದು ಬೇರೆ, ಮಾತನಾಡುತ್ತಿರುವ ಗೋಡೆಯ ಬಾಯಿಗೆ ಮಸಿ ಬಳಿಯುವುದು ಬೇರೆ.

ಹಾಗಾದರೆ ಬೀದಿಬರಹಗಳನ್ನು ಕಾಪಾಡಬೇಕೆ? ಕಾನೂನು ಈ ದಿಕ್ಕಿನಲ್ಲಿ ಕೆಲವು ಹೆಜ್ಜೆಗಳನ್ನು ಇಟ್ಟಿದೆ. ನ್ಯೂಯಾರ್ಕಿನಲ್ಲಿ ‘ಫೈವ್ ಪಾಯಿಂಟ್ಸ್’ ಎಂಬ ಕಟ್ಟಡದ ಮೇಲಿನ ಚಿತ್ರಗಳಿಗೆ ಅದರ ಒಡೆಯ ೨೦೧೩ರಲ್ಲಿ ರಾತ್ರೋರಾತ್ರಿ ಸುಣ್ಣ ಬಳಿಸಿದಾಗ, ೨೧ ಮಂದಿ ಕಲಾವಿದರಿಗೆ ೬೭.೫ ಲಕ್ಷ ಡಾಲರುಗಳನ್ನು ಕೊಡಬೇಕೆಂದು ನ್ಯಾಯಾಲಯ ೨೦೧೮ರಲ್ಲಿ ತೀರ್ಪಿತ್ತಿತು; ಮೇಲಿನ ನ್ಯಾಯಾಲಯ ೨೦೨೦ರಲ್ಲಿ ಅದನ್ನು ಎತ್ತಿಹಿಡಿಯಿತು. ನಮ್ಮಲ್ಲಿ ದೆಹಲಿಯ ವಿಜ್ಞಾನಭವನದ ಗೋಡೆಗಾಗಿ ಶಿಲ್ಪಿ ಅಮರನಾಥ ಸೆಹಗಲ್ ರಚಿಸಿದ್ದ ಕಂಚಿನ ಭಿತ್ತಿಶಿಲ್ಪವನ್ನು ಸರ್ಕಾರ ೧೯೭೯ರಲ್ಲಿ ಕಿತ್ತುಹಾಕಿತ್ತು. ದೆಹಲಿಯ ಉಚ್ಚ ನ್ಯಾಯಾಲಯ ೨೦೦೫ರಲ್ಲಿ ಅದರ ಅವಶೇಷಗಳನ್ನು ಶಿಲ್ಪಿಗೆ ಹಿಂದಿರುಗಿಸಿ, ೫ ಲಕ್ಷ ರೂಪಾಯಿಗಳ ಪರಿಹಾರವನ್ನು ಕೊಡುವಂತೆ ಆಜ್ಞೆಮಾಡಿತು. ಈ ತೀರ್ಪುಗಳು ಕಲಾವಿದನ ಗೌರವವನ್ನು ಎತ್ತಿಹಿಡಿದುವು. ಅದು ಸಣ್ಣ ಸಂಗತಿಯಲ್ಲ. ಆದರೆ ಹಿಂದಿರುಗಿದ್ದು ಕಂಚು, ಗೋಡೆ ಹಿಂದಿರುಗಲಿಲ್ಲ. ಸ್ಥಳದೊಡನೆ ಹುಟ್ಟಿದ ಸಂಬೋಧನೆಯನ್ನು ಯಾವ ನ್ಯಾಯಾಲಯವೂ ಜಪ್ತಿಮಾಡಿ ಒಪ್ಪಿಸಲಾರದು.

೯

ಆದುದರಿಂದ ವಿದ್ಯಾಸಂಸ್ಥೆಗಳಿಗೆ ಉಳಿದಿರುವ ಕರ್ತವ್ಯ ಬೇರೊಂದು ಬಗೆಯದು. ಶಾಸನಗಳನ್ನು ಕುರಿತು ಕೆಲಸಮಾಡಿದ ಬಿ. ಎಲ್. ರೈಸ್ ಮತ್ತು ಆರ್. ನರಸಿಂಹಾಚಾರ್ಯರಂಥ ಹಿರಿಯರು ಬರಿಯ ಪಾಠವನ್ನು ಕೊಟ್ಟು ತೃಪ್ತರಾಗಲಿಲ್ಲ. ಕಲ್ಲು ಯಾವ ಊರಿನಲ್ಲಿ, ಯಾವ ಗುಡಿಯ ಯಾವ ಮಗ್ಗುಲಲ್ಲಿ ನಿಂತಿದೆಯೆಂಬುದನ್ನೂ ದಾಖಲೆಮಾಡಿದರು. ಅದೇ ಶಿಸ್ತಿನಿಂದ ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳ ಗೋಡೆಗಳನ್ನು ಓದಬೇಕಾಗಿದೆ. ಬರಹದ ಛಾಯಾಚಿತ್ರ ಮಾತ್ರ ಸಾಲದು. ಅದು ಯಾವ ದಿನ ಕಂಡಿತು, ಯಾವ ರಸ್ತೆಯಲ್ಲಿ, ಯಾವುದರ ಎದುರಿಗೆ. ಅದರ ಅಡಿಯಲ್ಲಿ ಯಾರು ಏನನ್ನು ಸೇರಿಸಿದರು. ಯಾವಾಗ ಅಳಿಯಿತು, ಅಳಿಸಿದವರು ಅಲ್ಲಿ ಏನನ್ನು ಬರೆಸಿದರು ಎಂಬುದನ್ನೆಲ್ಲ ಗುರುತುಮಾಡಿಕೊಳ್ಳಬೇಕು. ಬರೆದವರ ಹೆಸರನ್ನು ಹುಡುಕಿ ತೆಗೆಯುವುದು ಮಾತ್ರ ನಮ್ಮ ಕೆಲಸವಲ್ಲ. ಅದನ್ನು ಮಾಡಲು ಬೇರೆ ಇಲಾಖೆಯಿದೆ.

ಈ ಕೆಲಸಕ್ಕೆ ಹೆಚ್ಚು ಕಾಲಾವಕಾಶವಿಲ್ಲವೆಂಬುದನ್ನೂ ಹೇಳಬೇಕು. ಬೆಂಗಳೂರಿನ ಗೋಡೆಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ಹೆಚ್ಚು ಅಂದವಾಗುತ್ತಿವೆ; ಸಂಸ್ಥೆಗಳೂ ಪಾಲಿಕೆಗಳೂ ಬರೆಸಿದ ಚಿತ್ರಗಳು ಒಂದೊಂದೇ ಮೇಲ್ಸೇತುವೆಯ ಕಂಬವನ್ನು ಆವರಿಸುತ್ತಿವೆ. ಇವುಗಳಲ್ಲಿ ಒಳ್ಳೆಯ ಕೆಲಸವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಎಲ್ಲ ಗೋಡೆಗಳೂ ಸುಂದರವಾಗಿ ತುಂಬಿಹೋದ ನಗರದಲ್ಲಿ, ಹೇಳಿಕೊಳ್ಳಲು ಬೇರೆ ವೇದಿಕೆಯಿಲ್ಲದವನಿಗೆ ಒಂದು ಮೊಳ ಜಾಗವೂ ಉಳಿಯದಿದ್ದರೆ ಆ ಸೌಂದರ್ಯದ ಬೆಲೆಯನ್ನು ತೆತ್ತವರು ಯಾರೆಂದು ಕೇಳಬೇಕಾಗುತ್ತದೆ. ಹಿಂದೆ ಮಹಾಕವಿಗೂ ಹೆಸರಿಲ್ಲದ ಯಾತ್ರಿಕನಿಗೂ ಒಂದೇ ಬಂಡೆ ಎಡೆಕೊಟ್ಟಿತ್ತು. ಅಂಥ ಎಡೆಯನ್ನು ಇಂದಿನ ನಗರ ಎಲ್ಲಿ, ಯಾರಿಗೆ, ಎಷ್ಟು ಉಳಿಸಿಕೊಟ್ಟಿದೆ ಎಂಬುದನ್ನು ನೋಡಿ ಹೇಳುವುದು ಬೀದಿಬರಹದ ವಿಮರ್ಶೆಯ ಮೊದಲ ಹೊಣೆ. ಗೋಡೆಯ ಅಂದಚಂದಗಳ ತೀರ್ಮಾನ ಅದರ ಬಳಿಕ ಬರಬಹುದು.